ದೊಡ್ಡಮ್ಮ ಬಾಗಿಲು ಹಾಕಿದ ದಿನ

ಬೀದಿಗೆಲ್ಲ ಅವಳು ದೊಡ್ಡಮ್ಮ. ಮಕ್ಕಳಿಗೆ ದೊಡ್ಡಮ್ಮ, ಆ ಮಕ್ಕಳ ಅಮ್ಮಂದಿರಿಗೂ ದೊಡ್ಡಮ್ಮ, ಕೊನೆಗೆ ಮೂಲೆಯಂಗಡಿಯ ಮುದುಕನಿಗೂ ದೊಡ್ಡಮ್ಮ. ಆ ಮುದುಕ ಹಾಗೆ ಕರೆದಾಗ ಮಾತ್ರ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. “ನಿನ್ನ ಹಾಲುಹಲ್ಲು ಬೀಳೋವಾಗ ನಾನಿನ್ನೂ ಹುಟ್ಟೇ ಇರ್ಲಿಲ್ಲ. ನಾನು ನಿನಗೆ ದೊಡ್ಡಮ್ಮನಾ?” ಎಂದು ಗದರುತ್ತಿದ್ದಳು. ಮುದುಕ ನಗುತ್ತಿದ್ದ, ಮಾರನೆಯ ದಿನ ಮತ್ತೆ ಹಾಗೆಯೇ ಕರೆಯುತ್ತಿದ್ದ.

ಬಟ್ಟೆ ಕಾರ್ಖಾನೆಯ ಹಿಂಬದಿಯ ಗೋಡೆಗೆ ಆತುಕೊಂಡಂತಿದ್ದ ಬೀದಿ ಅದು. ಬೆಳಗಿನ ಸೈರನ್ ಕೂಗಿತೆಂದರೆ ಹೆಂಗಸರೆಲ್ಲ ತಲೆ ಬಾಚಿದ್ದರೂ ಬಾಚದಿದ್ದರೂ ಗೇಟಿನ ಕಡೆ ಓಡಬೇಕು. ದೊಡ್ಡಮ್ಮನೂ ಒಂದು ಕಾಲದಲ್ಲಿ ಹಾಗೆ ಓಡಿದವಳೇ. ಗುಂಡಿ ಹೊಲಿಯುವ ಯಂತ್ರದ ಮುಂದೆ ಕೂರುತ್ತಿದ್ದಳು. ಒಂದು ದಿನ ಸೂಜಿ ಅವಳ ಬಲಗೈಯ ತೋರುಬೆರಳನ್ನೇ ಬಟ್ಟೆಯೆಂದು ತಿಳಿಯಿತು. ಗಾಯ ಮಾಯಿತು, ಬೆರಳು ಮಡಚುವುದು ನಿಂತಿತು. ಮಡಚದ ಬೆರಳಿಗೆ ಕಾರ್ಖಾನೆಯಲ್ಲಿ ಕೆಲಸವಿಲ್ಲ ಎಂದು ಹೇಳಿ ಅವಳನ್ನು ಮನೆಗೆ ಕಳಿಸಿದರು. ಗಂಡ ಅದೇ ಕಾರ್ಖಾನೆಯ ಕಾವಲುಗಾರ. ಅವನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹಾಗೇ ಬದುಕಿ, ಒಂದು ವರ್ಷ ಜ್ವರ ಬಂದು, ಸದ್ದಿಲ್ಲದೆ ಹೋಗಿಬಿಟ್ಟ.

“ಹೇಗೂ ಮನೇಲಿ ಸುಮ್ಮನೆ ಕೂತಿರ್ತೀಯಲ್ಲ” ಎಂದು ಪಕ್ಕದ ಮನೆಯವಳು ಒಂದು ಬೆಳಿಗ್ಗೆ ತನ್ನ ಕೂಸನ್ನು ತಂದು ಅವಳ ಮಡಿಲಿಗೆ ಹಾಕಿ ಓಡಿದಳು. ಕೂಸು ಅಂದರೆ ಅಂಥಿಂಥ ಕೂಸಲ್ಲ. ತುಟಿ ನೀಲಿಗಟ್ಟುವವರೆಗೂ ಅಳುತ್ತಿತ್ತು. ಹಾಲು ಕೊಟ್ಟರೆ ಉಗಿಯಿತು, ತೂಗಿದರೆ ಚೀರಿತು, ಹಾಡಿದರೆ ಇನ್ನೂ ಜೋರಾಗಿ ಚೀರಿತು (ಅದರಲ್ಲಿ ಕೂಸಿನ ತಪ್ಪಿಲ್ಲ, ದೊಡ್ಡಮ್ಮನ ಕಂಠವೇ ಹಾಗೆ). ಕೊನೆಗೆ ತಲೆಕೆಟ್ಟು, ಪಕ್ಕದ ಮನೆಯ ಹಗ್ಗದ ಮೇಲೆ ಒಗೆಯದೆ ನೇತಾಡುತ್ತಿದ್ದ ಅದರ ಅಮ್ಮನ ಹಿಂದಿನ ದಿನದ ಮೇಲುಹೊದಿಕೆಯನ್ನು ಎಳೆದುಕೊಂಡು ಬಂದು ಸುತ್ತಿದಳು. ಅಮ್ಮನ ಬೆವರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕೂಸು ಎರಡು ಸಲ ಬಿಕ್ಕಿ ನಿದ್ದೆ ಹೋಯಿತು.

ಅಂದಿನಿಂದ ಅದು ಆ ಮನೆಯ ಕಾನೂನಾಯಿತು. ದೊಡ್ಡಮ್ಮನ ಹತ್ತಿರ ಮಗು ಬಿಡಬೇಕಾದರೆ ಜೊತೆಗೆ ಅಮ್ಮ ಹಿಂದಿನ ದಿನ ಉಟ್ಟು ಬಿಟ್ಟ, ಒಗೆಯದ ಬಟ್ಟೆಯೊಂದನ್ನು ಕೊಡಬೇಕು. ಮರ್ಯಾದೆಗೆ ಅಂಜಿ ಯಾವಳಾದರೂ ಒಗೆದು ಮಡಚಿದ್ದನ್ನು ತಂದರೆ ದೊಡ್ಡಮ್ಮ ಬಾಗಿಲಲ್ಲೇ ನಿಲ್ಲಿಸಿ, “ಇದು ಸೋಪಿನ ಮಗೂನಾ, ನಿನ್ನ ಮಗೂನಾ?” ಎಂದು ಕೇಳುತ್ತಿದ್ದಳು.

ಆ ಮೊದಲ ಕೂಸಿಗೆ ಬೀದಿಯವರು ಇಟ್ಟ ಅಡ್ಡಹೆಸರು ಅಳುಮುಂಜಿ. ಅವನ ಹಿಂದೆ ಬಂದವರಿಗೆ ಲೆಕ್ಕವಿಲ್ಲ. ದೊಡ್ಡಮ್ಮ ಹೆತ್ತದ್ದು ಒಂದೂ ಇಲ್ಲ, ಸಾಕಿದ್ದು ಅರ್ಧ ಬೀದಿ. ಮುಂದಿನ ಕೋಣೆಯ ಹೊಸ್ತಿಲಿಗೆ ಅಡ್ಡ ಹಲಗೆ, ತೆವಳುವವು ದಾಟದಂತೆ. ಗೋಡೆಗೆ ಮೊಣಕಾಲೆತ್ತರದಲ್ಲಿ ಸಾಲಾಗಿ ಮೊಳೆಗಳು, ಒಂದೊಂದಕ್ಕೂ ಒಂದೊಂದು ಬಣ್ಣದ ಚಿಂದಿ, ತನ್ನ ಚೀಲ ಎಲ್ಲಿದೆ ಎಂದು ಮಗುವಿಗೇ ತಿಳಿಯಲಿ ಎಂದು. ಹಿತ್ತಲಲ್ಲಿ ಒಂದೇ ಕಕ್ಕಸು, ಅದೂ ದೊಡ್ಡವರದ್ದು. ಪ್ರತಿ ಮಗುವನ್ನೂ ಕಂಕುಳಿಗೆ ಕೈಕೊಟ್ಟು ಎತ್ತಿ ಹಿಡಿದುಕೊಂಡೇ ಕೂರಿಸಬೇಕು. ಅವಳ ಸೊಂಟ ಹೋದದ್ದು ಅಲ್ಲೇ. ಮಳೆ ಬಂದರೆ ಮಾಡು ಸೋರುತ್ತಿತ್ತು, ಮಲಗಿದ ಮಕ್ಕಳನ್ನು ಚದುರಂಗದ ಕಾಯಿಗಳಂತೆ ಅಲ್ಲಿಂದಿಲ್ಲಿಗೆ ಸರಿಸುತ್ತಿದ್ದಳು. ಅಮ್ಮಂದಿರು ಕೊಟ್ಟರೆ ತೆಗೆದುಕೊಂಡಳು, ಕೊಡದಿದ್ದರೆ ಮುಂದಿನ ತಿಂಗಳು ನೋಡೋಣ ಎಂದಳು. ಮುಂದಿನ ತಿಂಗಳು ಎನ್ನುವುದು ಆ ಬೀದಿಗೆ ಬಹಳ ತಡವಾಗಿ ಬರುತ್ತಿತ್ತು.

ಅಳುಮುಂಜಿ ಬೆಳೆದು ಪುರಸಭೆಯ ಸದಸ್ಯನಾದ. ಅಳುವ ವಿದ್ಯೆ ವ್ಯರ್ಥವಾಗಲಿಲ್ಲ. ವೇದಿಕೆಯ ಮೇಲೆ ಬಡವರ ಕಷ್ಟ ಹೇಳುವಾಗ ಬೇಕೆಂದ ಜಾಗದಲ್ಲಿ ಗಂಟಲು ಕಟ್ಟುತ್ತಿತ್ತು, ಕಣ್ಣು ಒದ್ದೆಯಾಗುತ್ತಿತ್ತು. ದೊಡ್ಡಮ್ಮ ಹಿಂದಿನ ಸಾಲಿನಲ್ಲಿ ನಿಂತು, “ನಮ್ಮ ಅಳುಮುಂಜಿ ನೋಡ್ರೇ!” ಎಂದು ಅಕ್ಕಪಕ್ಕದವರ ಪಕ್ಕೆಗೆ ತಿವಿಯುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆರದೆ ಸಾಕಿದವರಿಗೆ ಇನ್ನೂ ಒಂದು ಕೈ ಮೇಲು.

ಒಂದು ಸಂಜೆ ಅವನೇ ಬಂದ. ಬಂದವನು ಕುರ್ಚಿ ಬೇಡವೆಂದು ನೆಲದ ಮೇಲೆಯೇ ಕುಳಿತ. ಅಷ್ಟಕ್ಕೇ ದೊಡ್ಡಮ್ಮ ಕರಗಿ ನೀರಾದಳು.

“ದೊಡ್ಡಮ್ಮಾ, ಸರ್ಕಾರದಿಂದ ಪುರಸಭೆಗೆ ಅನುದಾನ ಬರ್ತಿದೆ. ಸಮುದಾಯ ಅಭಿವೃದ್ಧಿಗೆ ಅಂತ. ನಮ್ಮ ಬೀದಿಗೆ ಒಂದು ಶಿಶುಮನೆ ಕಟ್ಟಿಸ್ಬೋದು. ದೊಡ್ಡ ಕಿಟಕಿ, ಅಂಗಳ, ಚಿಕ್ಕ ಚಿಕ್ಕ ಕಕ್ಕಸು, ಎಲ್ಲಾ.”

“ಕಟ್ಟಿಸೋ ಮಾರಾಯ. ನನ್ನನ್ನೇನು ಕೇಳ್ತೀಯ?”

“ಒಂದು ತೊಡಕಿದೆ. ಬೀದೀಲಿ ಆಗ್ಲೇ ಮಕ್ಕಳನ್ನ ನೋಡ್ಕೊಳ್ಳೋರು ಇದ್ರೆ ಕೊಡಲ್ಲ. ಏನೂ ಇಲ್ಲದ ಕಡೆ ಮಾತ್ರ.”

ಅನುದಾನದ ನಡೆಯೇ ಹಾಗೆ. ಇಲ್ಲದಲ್ಲಿಗೆ ಕೊಡುತ್ತೇವೆ ಎನ್ನುತ್ತದೆ ಸರ್ಕಾರ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಒಬ್ಬ ಹೆಂಗಸು ಸೋರುವ ಮಾಡಿನ ಕೆಳಗೆ ಸೊಂಟ ಮುರಿದುಕೊಂಡು ಮಕ್ಕಳನ್ನು ಸಾಕಿದರೆ ಆ ಬೀದಿ ‘ಇರುವ’ ಬೀದಿಯಾಗಿಬಿಡುತ್ತದೆ. ಯಾರೂ ಏನೂ ಮಾಡದೆ ಕೈಕಟ್ಟಿ ಕುಳಿತ ಪಕ್ಕದ ಬೀದಿಗೆ ಬಹುಮಾನ ಬರುತ್ತದೆ. ಈ ನಿಯಮ ಬರೆದ ಪುಣ್ಯಾತ್ಮನ ಮಕ್ಕಳನ್ನು ಯಾರು ಸಾಕಿದರೋ ಕಾಣೆ.

“ತಪಾಸಣೆಗೆ ಅಧಿಕಾರಿ ಬರ್ತಾರೆ. ಆ ಒಂದು ದಿನ ಬಾಗಿಲು ಹಾಕ್ಬಿಡು. ಕೇಳಿದ್ರೆ ಇಲ್ಲಿ ಯಾರೂ ನೋಡ್ಕೊಳ್ಳೋರಿಲ್ಲ ಅಂದ್ಬಿಡು. ಕಟ್ಟಡ ಎದ್ದ ಮೇಲೆ ಅದಕ್ಕೆ ಯಜಮಾನಿ ಯಾರು? ನೀನೇ. ಸಂಬಳ, ಕುರ್ಚಿ, ಕೈಕೆಳಗೆ ಒಬ್ಬ ಸಹಾಯಕಿ. ನಾನಿಲ್ವಾ?”

ನಾನಿಲ್ವಾ ಎಂದವನನ್ನು ಅವಳು ಒಗೆಯದ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದಳು. ನಂಬದೆ ಇನ್ನೇನು ಮಾಡಿಯಾಳು?

ತಪಾಸಣೆಯ ದಿನ ಹೊಸ್ತಿಲ ಹಲಗೆಯನ್ನು ಮಂಚದ ಕೆಳಗೆ ದೂಡಿದಳು. ಬಣ್ಣದ ಚಿಂದಿಗಳನ್ನು ಬಿಚ್ಚಿದಳು. ನಡೆಯುವ ಮಕ್ಕಳನ್ನು ತರಕಾರಿಯವನು ತನ್ನ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಮೈದಾನಕ್ಕೆ ಹೋದ. ಕೂಸುಗಳಿಗಾಗಿ ಕೆಲವು ಅಮ್ಮಂದಿರು ರಜೆ ಹಾಕಿ ಮನೆಯಲ್ಲಿ ಕುಳಿತರು. ಕೋಣೆ ಅಷ್ಟು ನಿಶ್ಶಬ್ದವಾಗಿದ್ದುದನ್ನು ದೊಡ್ಡಮ್ಮ ಎಂದೂ ಕಂಡಿರಲಿಲ್ಲ.

ಬಂದ ಅಧಿಕಾರಿ ಒಬ್ಬ ಹೆಂಗಸು. ಕನ್ನಡಕದ ಹಿಂದಿನ ಕಣ್ಣು ಚುರುಕು, ಮಾತು ಮೃದು. ಬೀದಿಯಲ್ಲಿ ನಿಂತು ಬರೆದುಕೊಂಡು ಹೋಗುವವಳಲ್ಲ, ಮನೆಮನೆಯೊಳಗೆ ಬಂದಳು. ದೊಡ್ಡಮ್ಮನ ಕೋಣೆಗೂ ಬಂದಳು.

“ಈ ಮೊಳೆ ಎಲ್ಲಾ ಯಾಕಿಷ್ಟು ಕೆಳಗೆ ಹೊಡೆದಿದ್ದೀರಿ?”

“ಭುಜ ಹಿಡ್ಕೊಂಡಿದೆ ಕಣಮ್ಮ, ಕೈ ಮೇಲಕ್ಕೆ ಹೋಗಲ್ಲ” ಎಂದಳು ದೊಡ್ಡಮ್ಮ. ಬಾಗಿಲಲ್ಲಿ ನಿಂತ ಅಳುಮುಂಜಿ ನಗು ತಡೆಯಲು ಕೆಮ್ಮಿದ.

“ಇಷ್ಟೊಂದು ಜನ ಹೆಂಗಸರು ಕೆಲಸಕ್ಕೆ ಹೋಗ್ತಾರೆ. ಮಕ್ಕಳನ್ನ ನೋಡ್ಕೊಳ್ಳೋರು ಈ ಬೀದೀಲಿ ಯಾರೂ ಇಲ್ವಾ?”

“ಯಾರೂ ಇಲ್ಲಮ್ಮ.”

“ಮತ್ತೆ ಮಕ್ಕಳು?”

ಗೊತ್ತಿಲ್ಲಮ್ಮ ಎಂದು ನಿಲ್ಲಿಸಿದ್ದರೆ ಸಾಕಿತ್ತು. ಆದರೆ ದೊಡ್ಡಮ್ಮನಿಗೆ ಮಾತಿನ ಹುಮ್ಮಸ್ಸು ಬಂದಿತ್ತು. “ಏನ್ಮಾಡ್ತಾರಮ್ಮ, ದೇವರ ಮೇಲೆ ಭಾರ ಹಾಕಿ ಹೊರಗಿನಿಂದ ಚಿಲಕ ಹಾಕ್ಕೊಂಡು ಹೋಗ್ತಾರೆ. ಒಳಗೆ ಅತ್ತೂ ಅತ್ತೂ ಮಲಗ್ತವೆ. ಕೇಳೋರಿಲ್ಲ, ಎತ್ಕೊಳ್ಳೋರಿಲ್ಲ.” ಹೇಳುತ್ತಾ ಹೇಳುತ್ತಾ ಅವಳಿಗೇ ಅಳು ಬಂತು. ಹೊರಗೆ ನಿಂತ ಅಮ್ಮಂದಿರು ತಲೆ ತಗ್ಗಿಸಿ ಹೌದೆಂದರು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡಳು. ಅವಳು ಹೋದ ಮೇಲೆ ಅಳುಮುಂಜಿ ದೊಡ್ಡಮ್ಮನ ಎರಡೂ ಕೈ ಹಿಡಿದು, “ನನಗಿಂತ ಚೆನ್ನಾಗಿ ಅತ್ತೆ” ಎಂದ. ಇಡೀ ಬೀದಿ ನಕ್ಕಿತು. ದೊಡ್ಡಮ್ಮನಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಅನುದಾನ ಬಂತು. ಬೀದಿಯ ಕೊನೆಯ ಖಾಲಿ ಜಾಗದಲ್ಲಿ ಗೋಡೆಗಳೆದ್ದವು. ದೊಡ್ಡಮ್ಮ ಸಂಜೆ ಮಕ್ಕಳನ್ನೆಲ್ಲ ಅಮ್ಮಂದಿರಿಗೆ ಒಪ್ಪಿಸಿ ನೆಟ್ಟಗೆ ಅಲ್ಲಿಗೆ ಹೋಗುತ್ತಿದ್ದಳು. ಕಕ್ಕಸಿನ ಕಟ್ಟೆ ಎತ್ತರವಾಯಿತೆಂದು ಮೇಸ್ತ್ರಿಯೊಡನೆ ಜಗಳವಾಡಿ ಒಡೆಸಿ ತಗ್ಗಿಸಿದಳು. ಕಿಟಕಿಯ ಸರಳುಗಳ ನಡುವೆ ಮಗುವಿನ ತಲೆ ತೂರುತ್ತದೆಯೇ ಎಂದು ತನ್ನ ಮುಷ್ಟಿ ಹಾಕಿ ನೋಡಿದಳು. ಮೇಸ್ತ್ರಿ ಅವಳನ್ನು ‘ಯಜಮಾನಿ’ ಎಂದು ಛೇಡಿಸುತ್ತಿದ್ದ. ಅವಳು ಬೈಯುತ್ತಿರಲಿಲ್ಲ. ಮನೆಗೆ ಬಂದು ಸೋರುವ ಮಾಡನ್ನು ನೋಡಿ, ಇನ್ನು ನಿನ್ನ ಹಂಗಿಲ್ಲ ಹೋಗು ಎಂದು ಅದಕ್ಕೂ ಹೇಳಿಯಾಯಿತು. ಆ ತಿಂಗಳುಗಳಷ್ಟು ಸುಖವಾಗಿ ಅವಳು ಮತ್ತೆಂದೂ ಮಲಗಲಿಲ್ಲ.

ಮೇಲ್ವಿಚಾರಕಿಯ ಕೆಲಸಕ್ಕೆ ಸಂದರ್ಶನ ಮಾಡುತ್ತಾರೆ ಎಂದಾಗಲೂ ಅಳುಮುಂಜಿ, “ಶಾಸ್ತ್ರಕ್ಕೆ ದೊಡ್ಡಮ್ಮಾ, ಬಂದು ಕೂತ್ಕೊಂಡು ಹೋಗು” ಎಂದಿದ್ದ. ಅವಳು ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು ಪುರಸಭೆಯ ಮೆಟ್ಟಿಲು ಹತ್ತಿದಳು. ಹೊರಗಿನ ಬೆಂಚಿನಲ್ಲಿ ಇನ್ನೊಬ್ಬಳು ಕುಳಿತಿದ್ದಳು. ಚೊಕ್ಕವಾದ ಹುಡುಗಿ, ಮಡಿಲಲ್ಲಿ ತರಬೇತಿಯ ಪ್ರಮಾಣಪತ್ರ. ಯಾರ ಮನೆಯವಳಮ್ಮ ಎಂದು ಕೇಳಿದರೆ ಸಂಕೋಚವಿಲ್ಲದೆ ಹೇಳಿದಳು: ಸದಸ್ಯರು ನಮ್ಮ ಭಾವ, ಅಕ್ಕನ ಗಂಡ. ದೊಡ್ಡಮ್ಮನಿಗೆ ಒಂದು ಕ್ಷಣ ಕುಳಿತ ಬೆಂಚೇ ಜಾರಿದಂತಾಯಿತು. ಆಮೇಲೆ, ಇವಳೇ ಸಹಾಯಕಿ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಒಳಗೆ ಮೇಜಿನ ಹಿಂದೆ ಅದೇ ಅಧಿಕಾರಿ. ಪಕ್ಕದಲ್ಲಿ ಅಳುಮುಂಜಿ.

“ಮಕ್ಕಳನ್ನ ನೋಡ್ಕೊಂಡ ಅನುಭವ ಏನಿದೆ ನಿಮಗೆ?” ಎಂದಳು ಅಧಿಕಾರಿ.

“ಅಯ್ಯೋ, ಬೀದಿಯ ಮಕ್ಕಳೆಲ್ಲ ನನ್ನ ಕೈಲೇ ಬೆಳೆದಿದ್ದು ಕಣಮ್ಮ. ನಿಮ್ಮ ಪಕ್ಕ ಕೂತಿದ್ದಾನಲ್ಲ, ಇವನೂ ಸೇರಿ.”

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಅವಳನ್ನೇ ನೋಡಿದಳು. “ನಿಮ್ಮನ್ನ ನೋಡಿದ್ದೀನಿ. ಕೆಳಗೆ ಮೊಳೆ ಹೊಡೆದ ಮನೆ. ಬೀದೀಲಿ ಯಾರೂ ನೋಡ್ಕೊಳ್ಳೋರಿಲ್ಲ ಅಂತ ನೀವೇ ಹೇಳಿದ್ರಲ್ಲ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೊಡ್ಡಮ್ಮ ಅಳುಮುಂಜಿಯ ಕಡೆ ತಿರುಗಿದಳು. “ನೀನೇ ಹೇಳೋ.”

ಅವನು ಫೋನಿನಿಂದ ತಲೆಯೆತ್ತಿದ. ಅವಳ ಕಣ್ಣು ತಪ್ಪಿಸಿ ಅಧಿಕಾರಿಗೆ ಹೇಳಿದ, ಮೃದುವಾಗಿ, ಕರುಣೆ ತುಂಬಿ ಹೇಳಿದ: “ಪಾಪ, ವಯಸ್ಸಾಗಿದೆ ಮೇಡಂ. ಮಕ್ಕಳು ಅಂದ್ರೆ ತುಂಬಾ ಪ್ರೀತಿ. ಬಾಗಿಲಲ್ಲಿ ಕೂತು ಹೋಗೋ ಬರೋ ಮಕ್ಕಳನ್ನ ಮಾತಾಡಿಸ್ತಿರ್ತಾರೆ. ಅದನ್ನೇ ಸಾಕಿದೆ ಅಂದ್ಕೊಂಡಿದ್ದಾರೆ.”

ಕಪಾಳಕ್ಕೆ ಹೊಡೆದಿದ್ದರೆ ಅವಳು ತಿರುಗಿಸಿ ಹೊಡೆಯುತ್ತಿದ್ದಳು. ಅವನು ಪಾಪ ಎಂದುಬಿಟ್ಟ.

ಅಧಿಕಾರಿ ದಡ್ಡಳಲ್ಲ. ಇಬ್ಬರ ಮುಖವನ್ನೂ ನೋಡಿದಳು. “ಅವತ್ತು ಹೇಳಿದ್ದು ನಿಜವೋ, ಇವತ್ತು ಹೇಳಿದ್ದು ನಿಜವೋ, ನಾಳೆ ಬಂದು ನನಗೊಬ್ಬಳಿಗೇ ಹೇಳಿ. ಇವತ್ತಿನದು ನಿಜವಾದ್ರೆ ನಾನು ಸುಮ್ಮನಿರೋಕಾಗಲ್ಲ, ಮೇಲಕ್ಕೆ ತಿಳಿಸ್ಬೇಕಾಗುತ್ತೆ. ಯೋಚನೆ ಮಾಡಿ” ಎಂದಳು.

ಮೆಟ್ಟಿಲಿಳಿಯುವಾಗ ಅಳುಮುಂಜಿ ಹಿಂದೆಯೇ ಓಡಿಬಂದ. “ದೊಡ್ಡಮ್ಮಾ, ಅರ್ಥ ಮಾಡ್ಕೋ. ಅಲ್ಲಿ ನೀನು ಸಾಕಿದ್ದು ಹೌದು ಅಂದ್ರೆ ಅನುದಾನ ವಾಪಸ್ ಹೋಗುತ್ತೆ. ಕಟ್ಟಡಕ್ಕೆ ಬೀಗ ಬೀಳುತ್ತೆ. ನಾನೇನು ಮಾಡ್ಲಿ?”

“ಇದು ಆವತ್ತೇ ಗೊತ್ತಿತ್ತಾ ನಿನಗೆ?”

ಅವನಿಗೆ ಗೊತ್ತಿತ್ತು. ನೆಲದ ಮೇಲೆ ಕುಳಿತ ಸಂಜೆಯೇ ಗೊತ್ತಿತ್ತು. ಬೇರೆಯವನಾಗಿದ್ದರೆ ಅವಳು ಇಷ್ಟು ಸುಲಭವಾಗಿ ಬಾಗಿಲು ಹಾಕುತ್ತಿರಲಿಲ್ಲ, ಅದೂ ಅವನಿಗೆ ಗೊತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳುವುದು?

ಮನೆಗೆ ಬರುವಷ್ಟರಲ್ಲಿ ಅವಳ ದುಃಖ ಸಿಟ್ಟಾಗಿತ್ತು. ನಾಳೆ ಹೋಗುತ್ತೇನೆ, ಎಲ್ಲ ಹೇಳುತ್ತೇನೆ, ಬೀಗ ಬಿದ್ದರೆ ಬೀಳಲಿ ಎಂದು ನಿರ್ಧರಿಸಿಬಿಟ್ಟಳು. ಬೀದಿಯವರು ತನ್ನ ಪರವಾಗಿ ಬಂದು ಸಾಕ್ಷಿ ಹೇಳುತ್ತಾರೆ ಎನ್ನುವುದರಲ್ಲಿ ಅವಳಿಗೆ ಕೂದಲೆಳೆಯಷ್ಟೂ ಅನುಮಾನವಿರಲಿಲ್ಲ.

ಬೀದಿಯವರು ಬಂದರು. ಸಂಜೆ ಪಾಳಿ ಮುಗಿಸಿ, ಕೂದಲಲ್ಲಿ ಬಟ್ಟೆಯ ನೂಲು ಹಾಗೇ ಇಟ್ಟುಕೊಂಡು, ಗುಂಪಾಗಿ ಬಂದು ಅವಳ ಕೋಣೆಯ ತುಂಬ ನಿಂತರು. ಅಳುಮುಂಜಿ ಮೊದಲೇ ಅವರ ಕಿವಿಯಲ್ಲಿ ಊದಿದ್ದ.

“ದೊಡ್ಡಮ್ಮಾ, ಬಾಯಿ ಬಿಡ್ಬೇಡ” ಎಂದಳು ಇಸ್ತ್ರಿ ವಿಭಾಗದವಳು. ಅವಳ ಮೂರು ಮಕ್ಕಳೂ ಇದೇ ನೆಲದ ಮೇಲೆ ತೆವಳಿದ್ದವು. “ಆ ಶಿಶುಮನೇಲಿ ದುಡ್ಡು ಕೊಡ್ಬೇಕಾಗಿಲ್ಲ. ಊಟ ಅವರೇ ಹಾಕ್ತಾರಂತೆ. ನಮಗೆ ಇಂಥದ್ದು ಇನ್ನೊಂದ್ಸಲ ಸಿಗುತ್ತಾ ಹೇಳು.”

“ನಾನು ಬೇಡ ಅನ್ನಲ್ವೇ. ನಾನು ನೋಡ್ಕೊಂಡೆ ಅಂತ ಒಂದು ಮಾತು ಹೇಳಿ ಅಂತಿದ್ದೀನಿ.”

“ಹೇಳಿದ್ರೆ ಬೀಗ ಬೀಳುತ್ತಲ್ಲ.”

“ಅಂದ್ರೆ ನಾನು ಏನೂ ಮಾಡ್ಲಿಲ್ವಾ?”

ಕೊನೆಗೆ ಅಳುಮುಂಜಿಯ ಅಮ್ಮ, ಆ ಮೊದಲ ಬೆಳಿಗ್ಗೆ ಕೂಸನ್ನು ಮಡಿಲಿಗೆ ಹಾಕಿ ಓಡಿದವಳು, ಮೆಲ್ಲಗೆ ಹೇಳಿದಳು: “ಮಾಡಿದ್ದೀಯ ಕಣೇ. ನಮಗೆಲ್ಲ ಗೊತ್ತಿಲ್ವಾ? ನಮಗೆ ಗೊತ್ತಿದ್ರೆ ಸಾಲ್ದಾ?”

ಸಾಲದು ಎಂದು ದೊಡ್ಡಮ್ಮನಿಗೆ ಹೇಳಬೇಕೆನಿಸಿತು. ಆದರೆ ಹೇಳಿ ಏನು ಮಾಡುವುದು? ತನ್ನ ಕೆಲಸ ನಿಜವೆಂದು ಸಾಧಿಸಬೇಕಾದರೆ, ಮುಷ್ಟಿ ಹಾಕಿ ಅಳೆದ ಕಿಟಕಿಗಳಿಗೂ ಜಗಳವಾಡಿ ತಗ್ಗಿಸಿದ ಕಟ್ಟೆಗಳಿಗೂ ಅವಳೇ ಬೀಗ ಜಡಿಯಬೇಕು. ಮಾರನೆಯ ದಿನ ಅವಳು ಪುರಸಭೆಗೆ ಹೋಗಲಿಲ್ಲ. ಆ ದಿನವೂ ಎಂದಿನಂತೆ ಮಕ್ಕಳು ಬಂದವು, ಆದರೆ ಅವುಗಳನ್ನು ಬಿಟ್ಟುಹೋದ ಅಮ್ಮಂದಿರಲ್ಲಿ ಒಬ್ಬಳೂ ಅವಳ ಮುಖ ನೋಡಲಿಲ್ಲ.

ಶಿಶುಮನೆಗೆ ಮಕ್ಕಳನ್ನು ಸೇರಿಸಿಕೊಳ್ಳುವ ದಿನ ಗೇಟಿನವರೆಗೂ ಸಾಲು. ದೊಡ್ಡಮ್ಮನೂ ಆ ಸಾಲಿನಲ್ಲಿದ್ದಳು. ಬಣ್ಣ ಹಾಕುವ ವಿಭಾಗದ ಒಬ್ಬಳಿಗೆ ಬೆಳಗಿನ ಪಾಳಿ ತಪ್ಪಿಸಲಾಗಲಿಲ್ಲ, “ನೀನೇ ಸೇರಿಸ್ಬಿಡು ದೊಡ್ಡಮ್ಮ” ಎಂದು ಮಗನನ್ನು ಅವಳ ಸೊಂಟಕ್ಕೇರಿಸಿ ಓಡಿದ್ದಳು. ಇಂಥದ್ದನ್ನು ಕೇಳಲು ಆ ಬೀದಿಯವರಿಗೆ ನಾಚಿಕೆಯೂ ಇರಲಿಲ್ಲ, ಇಲ್ಲವೆನ್ನಲು ಇವಳಿಗೆ ಬಾಯಿಯೂ ಇರಲಿಲ್ಲ.

ಮೇಜಿನ ಹಿಂದೆ ಹೊಸ ಮೇಲ್ವಿಚಾರಕಿ. ಅಳುಮುಂಜಿಯ ನಾದಿನಿ ಕೆಟ್ಟವಳೇನಲ್ಲ, ನಗುಮುಖದಿಂದಲೇ ಎಲ್ಲರನ್ನೂ ಮಾತಾಡಿಸುತ್ತಿದ್ದಳು. ಇದುವರೆಗೆ ನೋಡಿಕೊಳ್ಳುವವರಿಲ್ಲದ ಮಕ್ಕಳಿಗೆ ಮೊದಲ ಜಾಗ ಎಂಬ ನಿಯಮವಿತ್ತು. ಹಾಗಾಗಿ ಒಬ್ಬೊಬ್ಬರಿಗೂ ಅದೇ ಪ್ರಶ್ನೆ.

“ಇಷ್ಟು ದಿನ ಮಗೂನ ಯಾರು ನೋಡ್ಕೊಳ್ತಿದ್ರು?”

“ಯಾರೂ ಇಲ್ಲ.”

“ಇವನನ್ನ?”

“ಯಾರೂ ಇರ್ಲಿಲ್ಲ ಮೇಡಂ.”

ಒಬ್ಬಳು ನೆಲ ನೋಡಿಕೊಂಡು ಹೇಳಿದಳು. ಒಬ್ಬಳು ಹಿಂದೆ ನಿಂತ ದೊಡ್ಡಮ್ಮನಿಗೆ ಕೇಳಿಸದಿರಲಿ ಎಂದು ಪಿಸುಗುಟ್ಟಿದಳು. ಇಸ್ತ್ರಿ ವಿಭಾಗದವಳು ಮಾತ್ರ ಗಟ್ಟಿಯಾಗಿ ಹೇಳಿದಳು, ಹೇಳಿ ಅಭ್ಯಾಸವಾದವಳಂತೆ. ದೊಡ್ಡಮ್ಮ ಒಂದೊಂದನ್ನೂ ಕೇಳಿಸಿಕೊಂಡಳು. ಬೇರೆಯವರ ಕೈಯಲ್ಲಿ ಸಾಯುವುದು ಬೇರೆ, ತಾನೇ ಹೇಳಿಕೊಟ್ಟ ಮಾತಿನಿಂದ ಸಾಯುವುದು ಬೇರೆ.

ಅವಳ ಸರದಿ ಬಂತು.

“ಇವನನ್ನ ಯಾರು ನೋಡ್ಕೊಳ್ತಿದ್ರು?”

“ಯಾರೂ ಇರ್ಲಿಲ್ಲಮ್ಮ.”

“ನೀವು ಮಗೂಗೆ ಏನಾಗ್ಬೇಕು?”

ಮಗು ಅವಳ ಕುತ್ತಿಗೆಗೆ ಜೋತುಬಿದ್ದು ಮಡಚದ ಬೆರಳನ್ನು ಹಿಡಿದುಕೊಂಡಿತ್ತು. “ಏನೂ ಆಗ್ಬೇಕಿಲ್ಲ” ಎಂದಳು ದೊಡ್ಡಮ್ಮ. “ಅದೇ ಬೀದಿಯವಳು.”

“ಹಾಗಾದ್ರೆ ಮಗೂನ ಕೊಟ್ಟು ನೀವು ಗೇಟಿನ ಆಚೆ ಇರಿ. ಹೊರಗಿನವರು ಒಳಗೆ ನಿಲ್ಲೋ ಹಾಗಿಲ್ಲ.”

ಕೊಟ್ಟಳು. ಗೇಟಿನ ಆಚೆ ಬಂದು ನಿಂತಳು. ಅಮ್ಮಂದಿರು ಒಬ್ಬೊಬ್ಬರಾಗಿ ಕಾರ್ಖಾನೆಯ ಕಡೆ ಓಡಿದರು. ಒಳಗೆ ಮೊದಲು ಒಂದು ಮಗು ಅಳಲು ಶುರುಮಾಡಿತು, ಅದನ್ನು ಕೇಳಿ ಇನ್ನೊಂದು, ಆಮೇಲೆ ಎಲ್ಲವೂ. ಅವು ಅಮ್ಮಾ ಎಂದು ಅಳಲಿಲ್ಲ. ಅಮ್ಮ ಬೆಳಿಗ್ಗೆ ಹೋಗುವವಳೆಂದು ಅವಕ್ಕೆ ಹುಟ್ಟಿದಾಗಿನಿಂದ ಗೊತ್ತು. ದೊಡ್ಡ ಕಿಟಕಿಗಳ ತುಂಬ ಕೇಳಿಸಿದ್ದು ಒಂದೇ ಕೂಗು: “ದೊಡ್ಡಮ್ಮಾ... ದೊಡ್ಡಮ್ಮಾ...”

“ಇದೇನಿದು?” ಹೊಸ ಮೇಲ್ವಿಚಾರಕಿ ಕಂಗಾಲಾಗಿ ಬಾಗಿಲಿಗೆ ಬಂದು, ಗೇಟಿನ ಬಳಿ ನಿಂತವಳನ್ನೇ ಕೇಳಿದಳು. “ಇಷ್ಟೂ ಮಕ್ಕಳಿಗೆ ಒಬ್ಬಳೇ ದೊಡ್ಡಮ್ಮನಾ? ಯಾರು ಅವಳು? ಸ್ವಲ್ಪ ಕರೀತೀರಾ?”

ದೊಡ್ಡಮ್ಮ ಗೇಟಿನ ಸರಳಿನಿಂದ ಕೈ ತೆಗೆದಳು. ಯಾರನ್ನು ಕರೆಯುತ್ತಿವೆಯೋ ಅವರು ಕಣ್ಣೆದುರು ನಿಂತಿರುವಷ್ಟು ಹೊತ್ತು ಮಕ್ಕಳು ಅಳು ನಿಲ್ಲಿಸುವುದಿಲ್ಲ. ಅದು ಆ ಹುಡುಗಿಗೆ ಇನ್ನೂ ಗೊತ್ತಿರಲಿಲ್ಲ, ಇವಳಿಗೆ ಗೊತ್ತಿತ್ತು.

“ಅಂಥೋರು ಈ ಬೀದೀಲಿ ಯಾರೂ ಇಲ್ಲಮ್ಮ” ಎಂದು ಹೇಳಿ, ಮಕ್ಕಳಿಗೆ ಕಾಣದಂತೆ ಗೋಡೆಯ ಪಕ್ಕದಿಂದಲೇ ಬೇಗಬೇಗ ನಡೆದು ಹೋದಳು.